ಹೆಬ್ಬಲಸಿನ ಕಾಲ ಮೇಲೊಂದು ತೊಟ್ಟಿ

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ಮೀನುತೊಟ್ಟಿಯಲ್ಲಿ ನೀರೇ 50 ಕೆ.ಜಿ. ಮೀರುವುದರಿಂದ, ಉಡುಪಿಯ ಮನೆಯ ಚಾವಡಿಯಲ್ಲಿ ಅದನ್ನಿಡಲು ಹೆಬ್ಬಲಸಿನ ಹಳೆಯ ತೊಲೆಯನ್ನು ಕೊಯ್ಯಿಸಿ ಸ್ಟ್ಯಾಂಡೊಂದನ್ನು ನಾನೇ ಮಾಡಿದೆ. ಮಳೆಗಾಲದ ತೇವಕ್ಕೆ ಉಬ್ಬುವ ಪಾರ್ಟಿಕಲ್ ಬೋರ್ಡನ್ನು ಈ ಕರಾವಳಿಯಲ್ಲಿ ನಂಬುವವರ ಧೈರ್ಯವನ್ನು ಮೆಚ್ಚಲೇಬೇಕು. ರಸಮಟ್ಟದ ಗುಳ್ಳೆ ನಡುವೆ ನಿಂತ ಮೇಲೆಯೇ ಥರ್ಮಾಕೋಲ್ ಹಾಸಿ ತೊಟ್ಟಿಯನ್ನಿಟ್ಟೆ. ಕಬ್ಬಿಣದಂಶವಿರುವ ಮುರಕಲ್ಲಿನ ಪುಡಿಯನ್ನು ತೊಳೆದು ತಳಕ್ಕೆ ಹರಡಿ, ಮೇಲೆ ಹೊಳೆಮರಳು ಮುಚ್ಚಿ, ನಮ್ಮ ದೇಶದ್ದೇ ಆದ ಕ್ರಿಪ್ಟೊಕೊರೈನ್ ಸ್ಪೈರಾಲಿಸ್ ಎಂಬ ನೀರಗಿಡವನ್ನು ನೆಟ್ಟಿದ್ದೇನೆ. ಹಳೆಯ ಎಲೆಗಳು ಕರಗುತ್ತಿದ್ದರೂ ಬುಡದಲ್ಲಿ ಕಂದುಹಸಿರಿನ ಎಲೆಸುರುಳಿಯೊಂದು ಬಿಚ್ಚಿಕೊಳ್ಳುತ್ತಿದೆ. ಮೀನಿಗೆ ವಿಷವಾಗುವ ಅಮೋನಿಯಾವನ್ನು ಅಷ್ಟೇನೂ ಕೆಡುಕಲ್ಲದ ನೈಟ್ರೇಟಾಗಿಸುವ ಬ್ಯಾಕ್ಟೀರಿಯಾಗಳು ನೆಲೆಯೂರಲು ವಾರಗಳೇ ಬೇಕಾಗುವುದರಿಂದ, ಮೀನು ಸಾಕುವುದೆಂದರೆ ಬಹುಪಾಲು ನೀರನ್ನು ಸಾಕುವುದೇ ಎನಿಸುತ್ತಿದೆ. ಅಲ್ಲಿಯವರೆಗೆ "ಮೀನೆಲ್ಲಿ?" ಎಂದು ಕೇಳುವ ನೆಂಟರಿಗೆ ಮಲ್ಪೆಯ ಮೀನುಗಾರಿಕಾ ಬಂದರಿನ ದಾರಿ ತೋರಿಸುತ್ತಿದ್ದೇನೆ.