ನನ್ನ ಫಿಲ್ಮ್ ನೋಡೋದು ಯಾರು?

ಮ್ಯಾಮೋಗ್ರಾಮ್ (ಸ್ತನದ ಎಕ್ಸ್‌ರೇ) ಮಾಡಿಸಲು ಹೋದಾಗ ಕೌಂಟರಿನಲ್ಲಿ ಒಂದು ಒಪ್ಪಿಗೆ ಪತ್ರ ಕೊಟ್ಟರು. ಡಾಕ್ಟರ್ ಜೊತೆಗೆ ಎಐ ಸಾಫ್ಟ್‌ವೇರ್ ಕೂಡ ನಿಮ್ಮ ಫಿಲ್ಮ್ ನೋಡುತ್ತದೆ, ಒಪ್ಪಿಗೆ ಇದ್ದರೆ ಸಹಿ ಹಾಕಿ ಅಂತಿತ್ತು. ಜೊತೆಗೆ ಬಂದಿದ್ದ ಅಕ್ಕ ಓದಿ ಮುಖ ಸಿಂಡರಿಸಿದಳು. "ಕಂಪ್ಯೂಟರ್ ಹೇಳಿದ್ದನ್ನ ನಂಬ್ಕೊಂಡು ಕೂರೋದೇನೇ?" ಪಕ್ಕದಲ್ಲಿದ್ದ ಹೆಂಗಸೊಬ್ಬರು, "ಡಾಕ್ಟ್ರೂ ಇರ್ತಾರಲ್ಲ ಬಿಡಿ. ಬರೀ ಮಷಿನ್ ಅಂದಿದ್ರೆ ನಾನೂ ಬೇಡ ಅಂತಿದ್ದೆ" ಅಂದರು. ಈ ಬಗ್ಗೆ ನಡೆದ ಸಮೀಕ್ಷೆಗಳಲ್ಲೂ ಹೆಚ್ಚಿನವರು ಹೇಳೋದು ಇದನ್ನೇ.

ನಾನು ಸಹಿ ಹಾಕಿದೆ. ಸ್ವೀಡನ್ನಿನ 'ಮಸಾಯ್' ಪ್ರಯೋಗದ ಬಗ್ಗೆ ಓದಿದ್ದೆ. 2023ರಲ್ಲಿ ಬಂದ ಅದರ ಮೊದಲ ವರದಿಯಲ್ಲಿ 80,000 ಹೆಂಗಸರ ಲೆಕ್ಕವಿತ್ತು. ಅಲ್ಲಿ ಮಾಮೂಲಿಯಾಗಿ ಪ್ರತಿ ಫಿಲ್ಮನ್ನೂ ಇಬ್ಬರು ಡಾಕ್ಟರುಗಳು ನೋಡುತ್ತಾರೆ. ಎಐ ಬಂದ ಮೇಲೆ, ಅದಕ್ಕೆ ಅಪಾಯ ಕಮ್ಮಿ ಅನ್ನಿಸಿದ್ದನ್ನು ಒಬ್ಬರು, ಜಾಸ್ತಿ ಅನ್ನಿಸಿದ್ದನ್ನು ಇಬ್ಬರು ನೋಡಿದರು. ಸಾವಿರಕ್ಕೆ 5 ಕ್ಯಾನ್ಸರ್ ಸಿಗುತ್ತಿದ್ದ ಕಡೆ 6 ಸಿಕ್ಕವು. ಡಾಕ್ಟರುಗಳ ಓದುವ ಕೆಲಸ 44% ಇಳಿಯಿತು.

ಹಾಗಂತ ಅಕ್ಕನ ಅನುಮಾನವನ್ನೂ ತಳ್ಳಿಹಾಕಲಾರೆ. ಅಮೆರಿಕದಲ್ಲಿ 1998ರಲ್ಲೇ ಇಂಥ ಹಳೇ ತಲೆಮಾರಿನ ಸಾಫ್ಟ್‌ವೇರಿಗೆ ಅನುಮತಿ ಸಿಕ್ಕಿತ್ತು. 2007ರ ಅಧ್ಯಯನದಲ್ಲಿ ನೋಡಿದರೆ ಬಯಾಪ್ಸಿ (ಚೂರು ತೆಗೆದು ಪರೀಕ್ಷೆ ಮಾಡೋದು) ಜಾಸ್ತಿಯಾಗಿತ್ತು, ಕ್ಯಾನ್ಸರ್ ಪತ್ತೆಯಲ್ಲಿ ಹೇಳಿಕೊಳ್ಳುವ ಲಾಭ ಕಾಣಲಿಲ್ಲ.

ಎರಡು ಪ್ಲೇಟುಗಳ ಮಧ್ಯೆ ಎದೆ ಒತ್ತಿ ಹಿಡಿಯುವ ಆ ಕೆಲವು ಕ್ಷಣ ನೋವೇ. ಆಮೇಲೆ ಡಾಕ್ಟರಮ್ಮ ಪರದೆ ನಮ್ಮ ಕಡೆ ತಿರುಗಿಸಿದರು. ಬೂದುಬಣ್ಣದ ನಡುವೆ ಬಿಳಿ ಎಳೆಗಳು. ಒಂದು ಕಡೆ ಸಾಫ್ಟ್‌ವೇರ್ ಪುಟ್ಟ ಸುತ್ತು ಹಾಕಿತ್ತು. ನನಗೆ ಕೈಕಾಲು ತಣ್ಣಗಾಯಿತು. "ಗಾಬರಿ ಬೇಡ, ಇದು ರಕ್ತನಾಳದ ಗೋಡೆಯಲ್ಲಿ ಸೇರಿರೋ ಕ್ಯಾಲ್ಸಿಯಂ" ಅಂದರು. ಹಳೇ ಫಿಲ್ಮ್ ಪಕ್ಕಕ್ಕಿಟ್ಟು ತೋರಿಸಿದರು. ರೈಲುಹಳಿಯ ಹಾಗೆ ಎರಡು ಬಿಳಿ ಗೆರೆ, ಅದರಲ್ಲೂ ಇದ್ದವು.

ಅಕ್ಕ ಸುಮ್ಮನಿರಲಿಲ್ಲ. "ದಿನಕ್ಕೆ ಇಂಥವು ಎಷ್ಟು ನೋಡ್ತೀರಿ? ಸಂಜೆ ಹೊತ್ತಿಗೆ ಕಣ್ಣು ಸೋಲಲ್ವಾ?"

ಡಾಕ್ಟರಮ್ಮ ನಕ್ಕುಬಿಟ್ಟರು. "ಸೋಲುತ್ತೆ. ಆದ್ರೆ ಇಷ್ಟು ವರ್ಷ ಯಾರೂ ಕೇಳಿರ್ಲಿಲ್ಲ."

ನಿಜ ತಾನೇ? ಮಷಿನ್ನಿನ ಹೆಸರು ಬರುವವರೆಗೆ, ನನ್ನ ಫಿಲ್ಮನ್ನು ಯಾರು ನೋಡಿದರು, ಅವರಿಗೆ ಎಷ್ಟು ಅನುಭವ, ಇನ್ನೊಬ್ಬರು ನೋಡಿದರಾ ಅಂತ ನಾನೂ ಕೇಳಿದವಳಲ್ಲ. ರಿಪೋರ್ಟ್ ಕೆಳಗಿನ ಸಹಿಯನ್ನು ಓದಿದ್ದೂ ಇಲ್ಲ. ಈ ಸಲ ಮಾತ್ರ, ಸಾಫ್ಟ್‌ವೇರ್ ಒಂದು ಹೇಳಿ ನೀವೊಂದು ಹೇಳಿದರೆ ಏನು ಮಾಡ್ತೀರಿ ಅಂತ ಕೇಳಿದೆ. ಇನ್ನೊಬ್ಬ ಡಾಕ್ಟರಿಗೆ ತೋರಿಸ್ತೀವಿ, ಕೊನೆಯ ಮಾತು ನಮ್ಮದೇ ಅಂದರು. ಇಷ್ಟನ್ನು ಅವರು ಮೊದಲೇ ಬರೆದುಕೊಡಬಹುದಿತ್ತು.