ಶಾಲಿನ ಜೊತೆಗೊಂದು ಮುಯ್ಯಿ

ಹೋದ ವರ್ಷ ನಮ್ಮ ಸೇವಾ ಕ್ಲಬ್ಬಿನ ಸನ್ಮಾನ ಕಾರ್ಯಕ್ರಮದಲ್ಲಿ ಒಬ್ಬ ಅಕ್ಕ ವೇದಿಕೆ ಮೇಲೆ ಕೂತು ಪದೇ ಪದೇ ಗೋಡೆ ಗಡಿಯಾರ ನೋಡುತ್ತಿದ್ದರು. ಹನ್ನೊಂದೂವರೆಗೆ ಅವರ ಹೆಸರು ಕರೆಯಬೇಕಿತ್ತು. ಭಾಷಣಗಳು ಉದ್ದವಾದವು, ಹನ್ನೆರಡೂವರೆ ದಾಟಿತು. ಶಾಲು ಹೊದೆಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು ಫೋಟೋ ತೆಗೆದದ್ದೇ ತಡ, ಊಟಕ್ಕೂ ನಿಲ್ಲದೆ ಹೊರಟುಬಿಟ್ಟರು. ನಾನು ಗೇಟಿನವರೆಗೂ ಹಿಂದೆಯೇ ಹೋದೆ. "ಊಟ ಮಾಡಿಕೊಂಡು ಹೋಗಿ ಅಕ್ಕಾ, ಹೋಳಿಗೆ ಮಾಡಿಸಿದ್ದಾರೆ" ಅಂದೆ.

"ಇಲ್ಲ ಮಾರಾಯ್ರೆ, ಅತ್ತೆಗೆ ಮಗ್ಗುಲು ಬದಲಿಸಿ ಮೂರು ಗಂಟೆ ಆಯ್ತು. ಆಚೆಮನೆ ಹುಡುಗಿ ಒಬ್ಬಳೇ ಕೂತಿದ್ದಾಳೆ. ಅವಳ ಕೈಲಿ ಎತ್ತಕ್ಕೆ ಆಗಲ್ಲ."

ಆಟೋ ಹತ್ತಿದರು, ಹೋದರು. ಶಾಲು ಇನ್ನೂ ಹೆಗಲ ಮೇಲೇ ಇತ್ತು.

ಸನ್ಮಾನಕ್ಕೆ ಅವರ ಹೆಸರು ಬರೆದವನು ನಾನೇ. ಲಕ್ವ ಹೊಡೆದು ಹಾಸಿಗೆ ಹಿಡಿದ ಅತ್ತೆಯನ್ನು ಏಳು ವರ್ಷದಿಂದ ಒಬ್ಬರೇ ನೋಡಿಕೊಳ್ಳುತ್ತಿದ್ದಾರೆ, ಇಂಥವರನ್ನು ಯಾರೂ ಗುರುತಿಸುವುದಿಲ್ಲ, ನಾವಾದರೂ ಕರೆಯೋಣ ಅಂತ ಸಭೆಯಲ್ಲಿ ಒತ್ತಾಯ ಮಾಡಿದ್ದೆ. ಆದರೆ ಅವರು ಇಲ್ಲಿ ಬಂದು ಕೂತಷ್ಟು ಹೊತ್ತು ಅಲ್ಲಿ ಯಾರು ಕೂರುತ್ತಾರೆ ಅನ್ನುವುದು ಮಾತ್ರ ನನಗೆ ಹೊಳೆಯಲೇ ಇಲ್ಲ.

ಅವತ್ತು ಒಟ್ಟು ಐದು ಜನಕ್ಕೆ ಸನ್ಮಾನ ಇತ್ತು. 108 ಆಂಬುಲೆನ್ಸಿನ ಡ್ರೈವರ್ ಒಬ್ಬರು. ಮೂರು ತಿಂಗಳು ಆಗುವುದನ್ನೇ ಕಾಯ್ದು ರಕ್ತ ಕೊಟ್ಟು ಬರುವ ಒಬ್ಬ ಮೆಕ್ಯಾನಿಕ್. ಕಣ್ಣಿನ ಪೊರೆ ಆಪರೇಷನ್ನಿಗೆ ಹಳ್ಳಿಯ ಅಜ್ಜ ಅಜ್ಜಿಯರನ್ನು ಕ್ಯಾಂಪಿಗೆ ಕರೆದುಕೊಂಡು ಹೋಗಿ, ವಾಪಸ್ ಮನೆ ಮುಟ್ಟಿಸಿ, ಡ್ರಾಪ್ಸ್ ಹಾಕುವುದನ್ನು ಮನೆಯವರಿಗೆ ಕಲಿಸಿ ಬರುವ ರಿಟೈರ್ಡ್ ಮೇಷ್ಟ್ರು. ಒಬ್ಬ ಆಶಾ ಕಾರ್ಯಕರ್ತೆ. ಐದನೆಯವರು ಈ ಅಕ್ಕ.

ಆಶಾ ಕಾರ್ಯಕರ್ತೆಯರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 2005ರಲ್ಲಿ ಶುರುವಾದ ಯೋಜನೆ ಅದು. ಸಾಮಾನ್ಯವಾಗಿ ಸಾವಿರ ಜನಕ್ಕೆ ಒಬ್ಬರು ಅನ್ನುವುದು ಲೆಕ್ಕ. ಬಯಲುಸೀಮೆಯಲ್ಲಿ ಸಾವಿರ ಜನ ಅಂದರೆ ಒಂದೇ ಊರು ಇರಬಹುದು. ನಮ್ಮ ಮಲೆನಾಡಿನಲ್ಲಿ ಹಾಗಲ್ಲ. ತೋಟಕ್ಕೊಂದು ಮನೆ, ಗುಡ್ಡಕ್ಕೊಂದು ಮನೆ. ಒಂದು ಮನೆಯಿಂದ ಇನ್ನೊಂದಕ್ಕೆ ಹಳ್ಳ ದಾಟಬೇಕು, ಕಾಲುಸಂಕದ ಮೇಲೆ ಹೋಗಬೇಕು. ಮಳೆಗಾಲದಲ್ಲಿ ಛತ್ರಿ ಹಿಡಿದು, ಕಾಲಿಗೆ ಹತ್ತಿದ ಇಂಬಳ (ಜಿಗಣೆ) ಕಿತ್ತೆಸೆಯುತ್ತಾ ಬಸುರಿಯರ ಮನೆಗೆ ಹೋಗುತ್ತಾರೆ. ಚಳಿಗಾಲ ಬಂತೆಂದರೆ ಮಂಗನ ಕಾಯಿಲೆ ಚಿಂತೆ, ಕಾಡಿನ ಉಣುಗು (ಉಣ್ಣೆ ಹುಳ) ಕಚ್ಚಿ ಬರುವ ಜ್ವರ ಅದು. ಜಗತ್ತು ಆ ಕಾಯಿಲೆಯನ್ನು ಮೊದಲು ಕಂಡಿದ್ದೇ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿನ ಜನ ಪಟ್ಟ ಕಷ್ಟ ಇನ್ನೂ ಯಾರಿಗೂ ಮರೆತಿಲ್ಲ. ಸೊಪ್ಪಿಗೆ, ದರಗಿಗೆ (ಒಣ ಎಲೆಗೆ) ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಉಣುಗು ಹತ್ತದ ಹಾಗೆ ಡೇಪಾ ಎಣ್ಣೆ ಹಚ್ಚಿಕೊಳ್ಳಿ, ಬಂದಮೇಲೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯಿರಿ, ಉಣುಗು ಕಚ್ಚಿದೆಯಾ ನೋಡಿಕೊಳ್ಳಿ, ಮಂಗ ಸತ್ತಿದ್ದು ಕಂಡರೆ ಹತ್ತಿರ ಹೋಗಬೇಡಿ, ತಕ್ಷಣ ತಿಳಿಸಿ ಅಂತ ಮನೆ ಮನೆಗೆ ಹೋಗಿ ಹೇಳುವವರು ಇವರೇ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಡೀ ದೇಶದ ಆಶಾ ಕಾರ್ಯಕರ್ತೆಯರಿಗೆ ಪ್ರಶಸ್ತಿ ಕೊಟ್ಟಿತು. ಆದರೆ ಇವತ್ತಿಗೂ ಅವರಿಗೆ ಸಿಗುವುದು ಗೌರವಧನ ಮತ್ತು ಪ್ರೋತ್ಸಾಹಧನ. ತಿಂಗಳಿಗೆ ಸರಿಯಾಗಿ ಇಷ್ಟು ಅಂತ ಕೊಡಿ ಎಂದು ಕೇಳಲು ಬೆಂಗಳೂರಿಗೆ ಹೋಗಿ ರಸ್ತೆಯಲ್ಲಿ ಕೂರಬೇಕು. ಅವರಿಗೆ ಶಾಲು ಹೊದೆಸುವಾಗ ಇದೂ ನಮ್ಮ ತಲೆಯಲ್ಲಿ ಇರಬೇಕು, ಅಲ್ವಾ?

ಸನ್ಮಾನ ಅಂದರೆ ಬರೀ ಫೋಟೋಕ್ಕೆ ಮಾಡುವ ಕೆಲಸ ಅನ್ನುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ಅವತ್ತು ಆ ಡ್ರೈವರ್ ತನ್ನ ಅಪ್ಪ ಅಮ್ಮನನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಅವರ ಮುಖ ನೋಡಿದ್ದರೆ ಯಾರೂ ಹಾಗೆ ಹೇಳುತ್ತಿರಲಿಲ್ಲ. ಕ್ಲಬ್ಬುಗಳು ಮಾಡಿದ ದೊಡ್ಡ ಕೆಲಸಗಳೂ ಕಣ್ಣ ಮುಂದೆಯೇ ಇವೆ. ರೋಟರಿ ಶುರುವಾಗಿದ್ದು 1905ರಲ್ಲಿ, ಲಯನ್ಸ್ 1917ರಲ್ಲಿ, ಎರಡೂ ದೂರದ ಶಿಕಾಗೋದಲ್ಲಿ. ಆದರೆ ನನ್ನ ಮಟ್ಟಿಗೆ ಕ್ಲಬ್ಬು ಅಂದರೆ ಹಿಂದಿನ ಪೋಲಿಯೋ ಭಾನುವಾರ. ಬಸ್ ಸ್ಟ್ಯಾಂಡಿನಲ್ಲಿ ಮೇಜು ಹಾಕಿಕೊಂಡು, ಐಸ್ ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಬೆಳಿಗ್ಗೆಯಿಂದ ಕೂರುತ್ತಿದ್ದರು. ಎರಡು ಹನಿ ಹಾಕಿ, ಎಡಗೈ ಕಿರುಬೆರಳ ಉಗುರಿಗೆ ಮಸಿ ಹಚ್ಚುತ್ತಿದ್ದರು. ಅಂಗಡಿಯವರು, ಮೇಷ್ಟ್ರು, ಬ್ಯಾಂಕಿನವರು, ಎಲ್ಲ ಪರಿಚಯದ ಮುಖಗಳೇ. ರೋಟರಿಯವರು 1985ರಲ್ಲಿ ಕೈಗೆತ್ತಿಕೊಂಡ ಕೆಲಸ ಅದು. 2014ರ ಮಾರ್ಚಿನಲ್ಲಿ ಭಾರತ ಪೋಲಿಯೋಮುಕ್ತ ಅಂತ ಸರ್ಟಿಫಿಕೇಟು ಸಿಕ್ಕಿತು. ಸರ್ಕಾರ, ನರ್ಸುಗಳು, ಅಂಗನವಾಡಿಯವರು, ಕ್ಲಬ್ಬಿನವರು ಎಲ್ಲ ಸೇರಿ ಎಳೆದ ತೇರು ಅದು.

ಅವತ್ತು ಅವರು ಕೊಟ್ಟಿದ್ದು ತಮ್ಮ ಭಾನುವಾರಗಳನ್ನ. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೂ ಬೇಕಾಗಿರುವುದು ಅದೇ, ಬೇರೆಯವರ ಒಂದು ಭಾನುವಾರ.

ಇದು ನನಗೆ ಪುಸ್ತಕದಿಂದ ತಿಳಿದಿದ್ದಲ್ಲ. ನಮ್ಮ ಅಮ್ಮ ಕೊನೆಯ ನಾಲ್ಕು ವರ್ಷ ಹಾಸಿಗೆಯಲ್ಲೇ ಇದ್ದರು. ತೀರ್ಥಹಳ್ಳಿ ಹತ್ತಿರದ ಮನೆಯಲ್ಲಿ ಅಣ್ಣ ಅತ್ತಿಗೆ, ನಾನು ಶಿವಮೊಗ್ಗದಲ್ಲಿ. ಎರಡು ವಾರಕ್ಕೊಮ್ಮೆ ಹಣ್ಣು, ಡಯಾಪರ್ ಕಟ್ಟು ತಗೊಂಡು ಹೋಗಿ, ಅಮ್ಮನ ಕೈ ಹಿಡಿದು ಒಂದು ಗಂಟೆ ಕೂತು, ಕಾಫಿ ಕುಡಿದು ಬರುತ್ತಿದ್ದೆ. ಪೂರ್ತಿ ಮಾಡಿದ್ದು ಅತ್ತಿಗೆ. ಬೆಳಿಗ್ಗೆ ಬಚ್ಚಲ ಹಂಡೆಗೆ ಉರಿ ಹಾಕಿ ಬಿಸಿನೀರು ಕಾಯಿಸಿ ಮೈ ಒರೆಸಬೇಕು, ಗಂಜಿ ಕುಡಿಸಬೇಕು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ಮಳೆಗಾಲದಲ್ಲಿ ಬಟ್ಟೆ ಒಣಗುವುದೇ ಇಲ್ಲ. ಬಚ್ಚಲ ಒಲೆ ಮೇಲೆ ಹಗ್ಗ ಕಟ್ಟಿ ಒಣಗಿಸಿದ ಪಂಚೆ, ಸೀರೆ ತುಂಡುಗಳಿಗೆ ಸದಾ ಹೊಗೆ ವಾಸನೆ. ಬೆನ್ನಿಗೆ ಹುಣ್ಣಾಗದಿರಲಿ ಅಂತ ನಾನು ಏರ್ ಬೆಡ್ ತಂದು ಹಾಕಿದ್ದೆ. ಆದರೆ ಆಷಾಢದ ಗಾಳಿಮಳೆಗೆ ಲೈನಿನ ಮೇಲೆ ಮರ ಬಿದ್ದರೆ ಮೂರು ದಿನ ಕರೆಂಟು ಇಲ್ಲ, ಕರೆಂಟು ಇಲ್ಲದಿದ್ದರೆ ಅದರ ಪಂಪು ಓಡುವುದಿಲ್ಲ. ಆ ಮೂರು ದಿನ ಅತ್ತಿಗೆ ಮಲಗಿದ್ದು ಎಷ್ಟು ಹೊತ್ತೋ ನನಗೆ ಗೊತ್ತಿಲ್ಲ. ಅತ್ತಿಗೆಯ ತಂಗಿ ಮಗಳ ಮದುವೆಗೂ ಅವರು ಹೋಗಲಿಲ್ಲ. ಧಾರೆ ಹೊತ್ತಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದರಂತೆ. ಇದೆಲ್ಲ ಅವರು ಹೇಳಿದ್ದು ಅಮ್ಮ ಹೋದ ಎಷ್ಟೋ ದಿನದ ಮೇಲೆ, ಅದೂ ನಾನು ಕೇಳಿದ್ದಕ್ಕೆ.

ನಾನು ಒಂದು ಶನಿವಾರ ಹೋಗಿ "ನೀವು ಹೋಗಿ ಬನ್ನಿ ಅತ್ತಿಗೆ, ಅಮ್ಮನ ಹತ್ತಿರ ನಾನಿರ್ತೀನಿ" ಅನ್ನಬಹುದಿತ್ತು. ಅನ್ನಲಿಲ್ಲ.

ಆಟೋ ಹತ್ತಿ ಹೋದ ಆ ಅಕ್ಕನನ್ನು ನೋಡಿದ ಮೇಲೆ ಮುಂದಿನ ಮೀಟಿಂಗಿನಲ್ಲಿ ನಾನು ಎದ್ದು ನಿಂತು ಮುಯ್ಯಾಳಿನ ಮಾತು ತೆಗೆದೆ. ಮಲೆನಾಡಿನ ಹೊರಗಿನವರಿಗಾಗಿ ಹೇಳುತ್ತೇನೆ: ಇವತ್ತು ನಿಮ್ಮ ಗದ್ದೆ ನಟ್ಟಿಗೆ ನಮ್ಮ ಮನೆಯಿಂದ ಇಬ್ಬರು ಬಂದರೆ, ನಾಡಿದ್ದು ನಮ್ಮ ಗದ್ದೆಗೆ ನಿಮ್ಮ ಮನೆಯಿಂದ ಇಬ್ಬರು. ಅಡಿಕೆ ಸುಲಿಯುವುದಕ್ಕೂ ಅಷ್ಟೇ, ಅಂಗಳದಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ರಾತ್ರಿವರೆಗೂ ಕೂತು ಸುಲಿದು ಕೊಟ್ಟು ಹೋಗುತ್ತಿದ್ದರು. ಕೂಲಿ ಇಲ್ಲ, ಲೆಕ್ಕದ ಪುಸ್ತಕ ಇಲ್ಲ. ಮುಯ್ಯಿ ತೀರಿಸಬೇಕು, ಅಷ್ಟೇ. ಈಗ ಕೂಲಿಯಾಳು, ಮೆಷಿನ್ನು ಬಂದಮೇಲೆ ಕಡಿಮೆಯಾಗಿದೆ. ನಾನು ಕೇಳಿದ್ದು, ಇದನ್ನೇ ರೋಗಿ ಇರುವ ಮನೆಗೆ ಯಾಕೆ ಮಾಡಬಾರದು? ತಿಂಗಳಿಗೆ ಎರಡು ಶನಿವಾರ, ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ, ಇಬ್ಬರು ಹೋಗಿ ಕೂರುವುದು. ಮನೆಯವರು ಎಲ್ಲಿಗೆ ಬೇಕಾದರೂ ಹೋಗಲಿ, ಸುಮ್ನೆ ಮಲಗಲಿ.

ಕೆಲವರಿಗೆ ಭಯ ಇತ್ತು. ನಾವು ಕೂತಾಗ ಏನಾದರೂ ಆದರೆ? ಸರಿಯಾದ ಪ್ರಶ್ನೆಯೇ. ಅದಕ್ಕೆ ಒಬ್ಬ ರಿಟೈರ್ಡ್ ನರ್ಸ್ ಅಮ್ಮನನ್ನು ಕರೆಸಿ ಒಂದು ದಿನ ಪೂರ್ತಿ ಕಲಿತೆವು. ರೋಗಿಯನ್ನು ಎಳೆಯಬಾರದು, ಚರ್ಮ ಕಿತ್ತುಹೋಗುತ್ತದೆ. ಕೆಳಗೆ ಹಾಸಿದ ಬಟ್ಟೆ ಹಿಡಿದು ಇಬ್ಬರು ಸೇರಿ ಹೊರಳಿಸಬೇಕು. ಮಲಗಿಸಿಕೊಂಡು ಏನೂ ಕುಡಿಸಬಾರದು. ಬೆನ್ನಿಗೆ ದಿಂಬು ಕೊಟ್ಟು ಎತ್ತರ ಮಾಡಿ ಕುಡಿಸಬೇಕು, ಆಮೇಲೂ ಅರ್ಧ ಗಂಟೆ ಹಾಗೇ ಕೂರಿಸಬೇಕು, ಇಲ್ಲದಿದ್ದರೆ ಶ್ವಾಸಕ್ಕೆ ಹೋಗುತ್ತದೆ. ಹಿಮ್ಮಡಿ, ಸೊಂಟ, ಬೆನ್ನಿನ ಕೆಳಗೆ ಕೆಂಪಗಾಗಿದೆಯಾ ಅಂತ ನೋಡಬೇಕು. ಮೂಗಿನ ನಳಿಕೆ ಇದ್ದವರಿಗೆ ನಾವು ಕೈ ಹಾಕುವ ಹಾಗೇ ಇಲ್ಲ, ಅದು ಮನೆಯವರೇ ಮಾಡಿ ಹೋಗಬೇಕು. ಉಸಿರಾಟದಲ್ಲಿ ವ್ಯತ್ಯಾಸ ಕಂಡರೆ ಮೊದಲು 108, ಆಮೇಲೆ ಮನೆಯವರಿಗೆ ಫೋನು.

ಮೂರು ಮನೆಯಿಂದ ಶುರು ಮಾಡಿದೆವು. ಮೊದಲ ಮನೆ ಆ ಅಕ್ಕನದ್ದೇ. ಸುಲಭ ಇರಲಿಲ್ಲ. "ಹೊರಗಿನವರ ಕೈಲಿ ಇದನ್ನೆಲ್ಲ ಮಾಡಿಸುವುದಾ?" ಅಂತ ಅವರಿಗೇ ನಾಚಿಕೆ. ಇನ್ನೊಂದು ಮನೆಯಲ್ಲಿ ಅಜ್ಜಿ ನಮ್ಮ ಕೈಯಿಂದ ಒಂದು ಚಮಚ ನೀರೂ ಕುಡಿಯಲಿಲ್ಲ. ಮತ್ತೊಂದು ಕಡೆ, ಬರುವವರು ಯಾವ ಜಾತಿ ಅಂತ ಕೇಳಿದರು. ಬೇಜಾರಾಯಿತು, ಮುಚ್ಚಿಡುವುದಿಲ್ಲ. ಯಾರ ಜಾತಿಯನ್ನೂ ಹೇಳುವುದಿಲ್ಲ, ಬೇಕಾದರೆ ಬರುತ್ತೇವೆ ಅಂದೆವು. ಎರಡು ತಿಂಗಳು ಅವರು ಕರೆಯಲಿಲ್ಲ. ಆಮೇಲೆ ಅವರೇ ಫೋನ್ ಮಾಡಿದರು.

ಇನ್ನೊಂದು ವಿಷಯ. ಕೂರಲು ಬರುವವರಲ್ಲಿ ಹೆಂಗಸರೇ ಜಾಸ್ತಿ. ಹಾಸಿಗೆ ಹಿಡಿದ ಅಜ್ಜಂದಿರಿಗೆ ಗಂಡಸರು ಬೇಕು, ಎತ್ತಲು ಬಲ ಬೇಕು, ಮತ್ತೆ ಅವರಿಗೂ ಸಂಕೋಚ ಇರುತ್ತದೆ. ರಕ್ತದಾನ ಕ್ಯಾಂಪಿಗೆ ಸಾಲುಗಟ್ಟಿ ಬರುವ ಗಂಡಸರು ಇದಕ್ಕೆ ಯಾಕೆ ಹಿಂದೆ ಸರಿಯುತ್ತಾರೆ? ಕಲಿತರೆ ಎಲ್ಲರಿಗೂ ಬರುವ ಕೆಲಸ. ನಾನೂ ಕಲಿತಿದ್ದು ಐವತ್ತು ದಾಟಿದ ಮೇಲೆಯೇ.

ಸಿಕ್ಕ ಆರು ಗಂಟೆಯಲ್ಲಿ ಮನೆಯವರು ಏನು ಮಾಡಿದರು ಗೊತ್ತಾ? ನಾವು ಸಂತೆಗೋ, ನೆಂಟರ ಮನೆಗೋ ಹೋಗುತ್ತಾರೆ ಅಂದುಕೊಂಡಿದ್ದೆವು. ಆ ಅಕ್ಕ ಮೊದಲ ಶನಿವಾರ ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಮಲಗಿದರು. ನಾಲ್ಕು ಗಂಟೆಗೆ ಎಬ್ಬಿಸಬೇಕಾಯಿತು. ಎರಡನೇ ಶನಿವಾರವೂ ಮಲಗಿದರು. ಮೂರನೆಯದಕ್ಕೆ ತಮ್ಮದೇ ಶುಗರ್ ಪರೀಕ್ಷೆ ಮಾಡಿಸಿಕೊಂಡು ಬಂದರು, ವರ್ಷಗಟ್ಟಲೆ ಆಗಿತ್ತಂತೆ, ಜಾಸ್ತಿ ಇತ್ತು, ಮಾತ್ರೆ ಶುರುವಾಯಿತು. ಎಳ್ಳಮಾವಾಸ್ಯೆ ಜಾತ್ರೆ ಹೊತ್ತಿಗೆ ನಾವೇ ಒಂದು ಸಂಜೆ ಜಾಸ್ತಿ ಕೂತೆವು. ಅವರು ತೀರ್ಥಹಳ್ಳಿಗೆ ಹೋಗಿ ತುಂಗೆಯಲ್ಲಿ ತೆಪ್ಪೋತ್ಸವ ನೋಡಿ, ಬಳೆ ಹಾಕಿಸಿಕೊಂಡು ಬಂದರು. ಬಂದವರೇ ಅತ್ತೆಯ ಹಾಸಿಗೆ ಪಕ್ಕ ಕೂತು ಯಾವ ಅಂಗಡಿ ಎಲ್ಲಿತ್ತು, ಯಾರು ಸಿಕ್ಕಿದರು ಎಲ್ಲ ಹೇಳಿದರು. ಮಾತು ನಿಂತುಹೋಗಿದ್ದ ಆ ಅತ್ತೆ ಸೊಸೆಯ ಕೈಯ ಬಳೆಯನ್ನೇ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ನಾನು ಅಲ್ಲೇ ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಾ ನಿಂತಿದ್ದೆ.

ಈ ಬೇಸಿಗೆಯಲ್ಲಿ ಆ ಅತ್ತೆ ಹೋದರು. ಬೆನ್ನಲ್ಲಿ ಒಂದು ಹುಣ್ಣೂ ಇರಲಿಲ್ಲ. ವೈಕುಂಠ ಸಮಾರಾಧನೆ ಕಳೆದು ಎರಡು ವಾರಕ್ಕೆ ಅಕ್ಕನ ಫೋನ್ ಬಂತು. "ನಿಮ್ಮದೆಲ್ಲ ಮುಯ್ಯಿ ನನ್ನ ಮೇಲೆ ಬಾಕಿ ಇದೆ. ಮುಂದಿನ ಶನಿವಾರ ಯಾರ ಮನೆ?"

ಸಾಗರದ ಗೆಳೆಯರೊಬ್ಬರು ತಮ್ಮ ಕಡೆಯೂ ಶುರು ಮಾಡಬೇಕು ಅಂತಿದ್ದಾರೆ. ಶರಾವತಿ ಹಿನ್ನೀರಿನ ಆಚೆ ತುಮರಿ ಕಡೆಯ ಮನೆಗಳಿಗೆ ಮೊದಲು ಹೋಗಿಬರಬೇಕೆಂದರೆ ಲಾಂಚ್ ಕಾಯಬೇಕಿತ್ತು, ಸಂಜೆ ಲಾಂಚ್ ನಿಂತ ಮೇಲೆ ಯಾರೂ ಇಲ್ಲ. 2025ರ ಜುಲೈನಲ್ಲಿ ಸೇತುವೆ ಆಗಿದೆ, ಈಗ ಹೋಗಿ ಬರಬಹುದು. ಈ ವರ್ಷದ ಸನ್ಮಾನವನ್ನೂ ನಿಲ್ಲಿಸುವುದಿಲ್ಲ. ಶಾಲು, ಹಾರ, ಹೋಳಿಗೆ ಊಟ ಎಲ್ಲ ಇರುತ್ತದೆ. ಭಾಷಣ ಎರಡೇ. ಸನ್ಮಾನ ಪಡೆಯುವವರ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಿದ್ದರೆ, ಕ್ಲಬ್ಬಿನ ಇಬ್ಬರು ಬೆಳಿಗ್ಗೆಯೇ ಅಲ್ಲಿ ಹೋಗಿ ಕೂರುತ್ತಾರೆ. ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು, ಬೇಕಾದಷ್ಟು ಹೊತ್ತು ಮಾತಾಡಿಕೊಂಡು ಅವರು ನಿಧಾನ ಹೋಗಲಿ.

ಮುಂದಿನ ಶನಿವಾರ ಮಂಡಗದ್ದೆ ಹತ್ತಿರದ ಒಂದು ಮನೆ ಇದೆ. ಅಜ್ಜನಿಗೆ ಪೇಪರ್ ಓದಿ ಹೇಳಬೇಕು, ಅಡಿಕೆ ರೇಟಿನ ಪುಟ ಮೊದಲು. ಅಕ್ಕ ಬರುತ್ತಾರೆ, ಜೊತೆಗೆ ಎತ್ತಲು ಒಬ್ಬ ಗಂಡಸು ಬೇಕು. ಬಸ್ಸಿಳಿದು ಸುಮಾರು ದೂರ ನಡೆಯಬೇಕು, ಬೈಕ್ ಇದ್ದವರು ಹೇಳಿ. ಕರೆಂಟು ನಂಬುವ ಹಾಗಿಲ್ಲ, ಟಾರ್ಚ್ ಇಟ್ಟುಕೊಂಡು ಬನ್ನಿ.