ಚಾವಿ ಕೊಡುವ ಮೊದಲಿನ ಎರಡು ತಾಸು

ಬಾಡಿಗೆ ಮನೆಯಲ್ಲಿ ಬಾಡಿಗೆಯ ಸಲುವಾಗಿ ಜಗಳ ಆಗುವುದು ಕಡಿಮೆ. ಆಗುವುದು ಡಿಪಾಜಿಟ್ ಸಲುವಾಗಿ, ಅದೂ ಮನೆ ಬಿಡುವ ದಿನ, ಸಾಮಾನು ತುಂಬಿದ ಟೆಂಪೋ ಬಾಗಿಲಲ್ಲಿ ನಿಂತಿರುವಾಗ. ಅಡುಗೆಕಟ್ಟೆಯ ಕಡಪಾ ಕಲ್ಲಿನ ಸೀಳು ಮೊದಲೇ ಇತ್ತು ಎಂದು ಒಬ್ಬರು, ಇರಲಿಲ್ಲ ಎಂದು ಇನ್ನೊಬ್ಬರು. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಎರಡು ವರ್ಷದ ಹಿಂದೆ ಆ ಕಲ್ಲು ಹೇಗಿತ್ತೆಂದು ಯಾರಿಗೂ ನೆನಪಿರುವುದಿಲ್ಲ, ಅಷ್ಟೇ. ಬೆಳಗಾವಿಯಲ್ಲಿ ಮಾಲಕರ ಪರವಾಗಿ ಮನೆ ನೋಡಿಕೊಳ್ಳುವ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಮೊದಲು ಕಲಿಸಬೇಕಾದದ್ದು ಗಿರಾಕಿ ಹುಡುಕುವುದನ್ನಲ್ಲ, ಚಾವಿ ಕೊಡುವ ಮೊದಲು ಮನೆಯನ್ನು ಎರಡು ತಾಸು ನೋಡುವುದನ್ನು.

ಈ ಎರಡು ತಾಸು ಹಗಲಿನಲ್ಲೇ ಇರಬೇಕು. ಟ್ಯೂಬ್‌ಲೈಟಿನ ಬೆಳಕಿಗೆ ಗೋಡೆಯ ಹಸಿ ಕಾಣುವುದಿಲ್ಲ. ಮನೆ ಖಾಲಿ ಇರಬೇಕು, ಬಾಡಿಗೆಗೆ ಬರುವವರು ಜೊತೆಗಿರಬೇಕು. ‘ಇರ್ಲಿ ಬಿಡ್ರಿ ಸಾಹೇಬ್ರ, ನೀವ ನೋಡ್ಕೊಂಡ್ರ ಸಾಕು’ ಎಂದು ಅವರು ತಪ್ಪಿಸಿಕೊಳ್ಳಲು ನೋಡುತ್ತಾರೆ. ಬಿಡಬಾರದು. ಅವರ ಕಣ್ಣೆದುರು ತೆಗೆದ ಫೋಟೋಕ್ಕೇ ಮುಂದೆ ಬೆಲೆ.

ಮೊದಲು ಕರೆಂಟ್ ಮೀಟರ್. ಹೆಸ್ಕಾಂನ ಈಗಿನ ಮೀಟರುಗಳ ಪರದೆಯಲ್ಲಿ ದಿನಾಂಕ, ವೋಲ್ಟೇಜ್, ಗರಿಷ್ಠ ಬೇಡಿಕೆ ಎಂದು ಅಂಕಿ ಬದಲಾಗುತ್ತಲೇ ಇರುತ್ತದೆ. ಅವಸರದಲ್ಲಿ ಫೋಟೋ ಹೊಡೆದರೆ ವೋಲ್ಟೇಜನ್ನೇ ಯುನಿಟ್ ಎಂದು ಬರೆದುಕೊಂಡು ಬರುತ್ತೀರಿ. ‘ಕೆಡಬ್ಲ್ಯೂಎಚ್’ (ಯುನಿಟ್ ಎಂದರೆ ಇದೇ) ಎಂದು ತೋರಿಸುವವರೆಗೆ ಕಾಯಿರಿ, ಪಕ್ಕದಲ್ಲಿ ಆರ್‌ಆರ್ ನಂಬರ್, ಅಂದರೆ ಬಿಲ್ಲಿನ ಮೇಲಿರುವ ಸಂಪರ್ಕದ ನಂಬರ್, ಬರೆದುಕೊಳ್ಳಿ. ಒಂದೇ ಹಲಗೆಯ ಮೇಲೆ ಎರಡು ಮೂರು ಮೀಟರ್ ಇದ್ದರೆ ಇನ್ನೊಂದು ಪರೀಕ್ಷೆ ಬೇಕು: ನೀವು ಕೊಡುತ್ತಿರುವ ಮನೆಯಲ್ಲಿ ಎರಡು ಫ್ಯಾನ್ ಹಚ್ಚಿ, ಯಾವ ಮೀಟರಿನ ಕೆಂಪು ದೀಪ ಮಿನುಗುತ್ತದೆ ನೋಡಿ, ಆ ಮನೆಯ ಮೇನ್ ಸ್ವಿಚ್ ಆಫ್ ಮಾಡಿದಾಗ ಅದೇ ದೀಪ ನಿಲ್ಲಬೇಕು. ನಿಲ್ಲದಿದ್ದರೆ ಮೆಟ್ಟಿಲಿನ ಲೈಟೋ, ನೀರಿನ ಮೋಟರೋ, ಮೇಲಿನ ಮನೆಯ ಖೋಲಿಯೋ ಈ ಮೀಟರಿನ ಮೇಲೆ ಓಡುತ್ತಿದೆ. ಮಾಲಕರು ತಾವಿದ್ದ ಮನೆಯನ್ನು ಎರಡು ಭಾಗ ಮಾಡಿ ಬಾಡಿಗೆಗೆ ಕೊಟ್ಟಲ್ಲೆಲ್ಲ ಇದನ್ನು ನೋಡಲೇಬೇಕು.

ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಮೀಟರಿನ ಕೆಲಸ ಇನ್ನೊಂದು ಹೆಚ್ಚಾಗಿದೆ. ಬಾಡಿಗೆಯವರೂ ತಮ್ಮ ಆಧಾರ್ ಜೋಡಿಸಿ ಯೋಜನೆಗೆ ಸೇರಬಹುದು. ಆದರೆ ಹಳಬರು ಮನೆ ಬಿಡುವಾಗ ಆಧಾರ್ ಜೋಡಣೆ ಬಿಡಿಸದಿದ್ದರೆ ಹೊಸ ಮನೆಯಲ್ಲಿ ಅವರಿಗೆ ಸಿಗುವುದಿಲ್ಲ, ಇಲ್ಲಿ ಹೊಸಬರಿಗೂ ಆಗುವುದಿಲ್ಲ. ಬಿಡಿಸುವ ಸೌಲಭ್ಯ ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿದೆ. ಮೊಬೈಲ್‌ಗೆ ಬರುವ ಓಟಿಪಿ ಹಳಬರ ಕೈಯಲ್ಲಿರುತ್ತದೆ. ಹಾಗಾಗಿ ಡಿಪಾಜಿಟ್ ಮರಳಿಸುವ ಮೊದಲೇ, ಅವರು ಎದುರಿಗೆ ಕೂತಿರುವಾಗ ಇದನ್ನು ಮುಗಿಸಬೇಕು. ತಿಂಗಳಿಗೆ 200 ಯುನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ ಎಂಬುದನ್ನೂ ಬಾಡಿಗೆಯವರಿಗೆ ಹೇಳಿ. ಒಂದೇ ಮೀಟರಿನ ಮೇಲೆ ಎರಡು ಸಂಸಾರ ಇಟ್ಟ ಮಾಲಕರಿಗೆ ಈ ಗೆರೆ ಬೇಗ ದಾಟುತ್ತದೆ. ಬೇರೆ ಮೀಟರ್ ಕೂಡಿಸುವ ಖರ್ಚು ಒಂದು ಸಲದ್ದು, ಜಗಳ ಪ್ರತಿ ತಿಂಗಳಿನದು.

ಬಿಲ್ಲಿನಲ್ಲಿ ವರ್ಷಕ್ಕೊಮ್ಮೆ ಹೆಚ್ಚುವರಿ ಭದ್ರತಾ ಠೇವಣಿ ಎಂದು ಒಂದು ಮೊತ್ತ ಬರುವುದುಂಟು. ಬಳಕೆ ಏರಿದಾಗ ಸರಾಸರಿ ನೋಡಿ ಕೇಳುವ ಹಣ ಅದು. ಬಾಡಿಗೆಯವರು ಬಳಸಿದ ಕರೆಂಟಿನಿಂದ ಬಂದದ್ದಾದರೂ ಆ ಠೇವಣಿ ಉಳಿಯುವುದು ಮಾಲಕರ ಹೆಸರಿನ ಸಂಪರ್ಕದಲ್ಲೇ. ಆದ್ದರಿಂದ ಮಾಲಕರೇ ಕಟ್ಟಬೇಕು ಎಂಬುದು ನಮ್ಮ ತೀರ್ಪು. ಇದನ್ನು ಕರಾರಿನಲ್ಲಿ ಬರೆದವರು ಬಹಳ ಕಡಿಮೆ, ಜಗಳ ಆಡಿದವರು ಬಹಳ.

ನೀರಿನ ಮಾತು ಬಂದರೆ ಓಣಿ ಓಣಿಗೂ ಬೇರೆ. ರಾಕಸಕೊಪ್ಪ ಮತ್ತು ಹಿಡಕಲ್ ಜಲಾಶಯದ ನೀರು ಊರಿಗೆ ಬರುತ್ತದೆ. 2008ರಲ್ಲಿ ಕೆಲವು ವಾರ್ಡುಗಳಲ್ಲಿ 24 ತಾಸಿನ ನೀರು ಶುರುವಾಯಿತು, ಅಲ್ಲಿ ನಳಕ್ಕೆ ಮೀಟರ್ ಇದೆ. ಉಳಿದ ಕಡೆ ‘ನೀರಿನ ತೊಂದರೆ ಇಲ್ರಿ’ ಎಂಬ ಮಾಲಕರ ಮಾತನ್ನು ಹಾಗೇ ದಾಟಿಸಬೇಡಿ, ಲೆಕ್ಕ ಹಾಕಿ. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂದು ಹಿಡಿದರೆ ನಾಲ್ವರಿಗೆ 540. ನೀರು ನಾಲ್ಕು ದಿನಕ್ಕೊಮ್ಮೆ ಬರುವ ಓಣಿಯಾದರೆ 2,160 ಲೀಟರ್ ಹಿಡಿಸುವ ವ್ಯವಸ್ಥೆ ಬೇಕು. ಮೇಲೆ 1,000 ಲೀಟರಿನ ಟಾಕಿ ಒಂದೇ ಇದ್ದರೆ ಎರಡನೇ ದಿನ ಸಂಜೆಗೆ ಫೋನ್ ಬರುತ್ತದೆ. ಸಂಡಾಸದ ಫ್ಲಶ್ ಟಾಕಿಯಲ್ಲಿ ನಾಲ್ಕು ಹನಿ ಶಾಯಿ ಹಾಕಿ 20 ನಿಮಿಷ ಬಿಡಿ. ಕೆಳಗೆ ಬಣ್ಣ ಇಳಿದರೆ ವಾಷರ್ ಹೋಗಿದೆ. ಸದ್ದಿಲ್ಲದೆ ಟಾಕಿ ಖಾಲಿ ಮಾಡುವುದು ಇದೇ.

ಇನ್ನು ಬೆಳಗಾವಿಯ ಮುಖ್ಯ ರೋಗ: ಹಸಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಪಡುವಣ ಗಾಳಿಯೊಡನೆ ಮಳೆ ಓರೆಯಾಗಿ ಬಡಿಯುತ್ತದೆ. ಪಶ್ಚಿಮಕ್ಕೂ ದಕ್ಷಿಣಕ್ಕೂ ಮುಖ ಮಾಡಿದ ಗೋಡೆಗಳು ಮೊದಲು ನೆನೆಯುತ್ತವೆ. ಹಸಿ ಎಲ್ಲಿಂದ ಬಂತು ಎಂದು ತಿಳಿಯದೆ ರಿಪೇರಿಗೆ ದುಡ್ಡು ಹಾಕಿದರೆ ಅದು ನೀರಲ್ಲಿ ಹೋಮ. ನೆಲದಿಂದ ಮೇಲಕ್ಕೆ ಎರಡು ಮೂರು ಅಡಿ ತನಕ ಪಟ್ಟಿಯಂತೆ ಏರಿ ಬಿಳಿ ಉಪ್ಪು ಉಬ್ಬಿದ್ದರೆ ಅದು ಬುನಾದಿಯಿಂದ ಹೀರಿದ ನೀರು. ಬುನಾದಿಯ ಮೇಲೆ ನೀರು ತಡೆಯುವ ಪದರ ಇಲ್ಲದ ಹಳೆಯ ಕಲ್ಲಿನ ಮನೆಗಳಲ್ಲಿ ಸಾಮಾನ್ಯ. ಸೀಲಿಂಗಿನಲ್ಲಿ ಕಂದು ಅಂಚಿನ ಉಂಗುರ ಇದ್ದರೆ ಮೇಲಿನ ಸ್ಲ್ಯಾಬ್ ಸೋರುತ್ತಿದೆ. ಮೇ ತಿಂಗಳಲ್ಲೂ ತಂಪಾಗಿಯೇ ಇರುವ ಕಲೆ ಪೈಪಿನದು, ಬಹುಶಃ ಗೋಡೆಯ ಆಚೆ ಬಚ್ಚಲಿದೆ. ಕಪಾಟಿನ ಹಿಂದೆ, ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿದಿದ್ದರೆ ಗಾಳಿ ಆಡದ್ದು. ಈ ಕೊನೆಯದೊಂದರಲ್ಲಿ ಮಾತ್ರ ಬಾಡಿಗೆಯವರ ಪಾಲಿದೆ, ಕಿಟಕಿ ಮುಚ್ಚಿ ಒಳಗೇ ಬಟ್ಟೆ ಒಣಗಿಸಿದರೆ ಹಾಗಾಗುತ್ತದೆ. ಮೊದಲ ಮೂರಕ್ಕೆ ಡಿಪಾಜಿಟ್ ಮುಟ್ಟುವ ಹಕ್ಕು ಮಾಲಕರಿಗಿಲ್ಲ.

ಟೆರೇಸಿನ ಮೇಲೆ ಅನುಮಾನ ಇದ್ದರೆ ಏಪ್ರಿಲ್‌ನಲ್ಲಿ ನೀರು ಹೋಗುವ ತೂತುಗಳಿಗೆ ಬಟ್ಟೆ ತುರುಕಿ, ಒಂದೆರಡು ಇಂಚು ನೀರು ನಿಲ್ಲಿಸಿ, 24 ತಾಸು ಬಿಟ್ಟು ಕೆಳಗೆ ನೋಡಿ. ವಾಟರ್‌ಪ್ರೂಫಿಂಗ್ ಮಾಡಿಸುವುದಾದರೆ ಮೇ ಮುಗಿಯುವುದರೊಳಗೆ. ಪದೇ ಪದೇ ಆಗುವ ತಪ್ಪು ಇದು: ಜೂನ್‌ನಲ್ಲಿ ಮನೆ ಖಾಲಿಯಾಗುತ್ತದೆ, ಜುಲೈನಲ್ಲಿ ಮಾಲಕರು ಪೇಂಟ್ ಹಚ್ಚಿಸುತ್ತಾರೆ. ಹಸಿ ಗೋಡೆಯ ಮೇಲೆ ಪ್ಲಾಸ್ಟಿಕ್ ಪೇಂಟ್ ಕೂತರೆ ಒಳಗಿನ ನೀರಿಗೆ ಹೊರಗೆ ಬರಲು ದಾರಿ ಇಲ್ಲ. ದೀಪಾವಳಿ ಬರುವಷ್ಟರಲ್ಲಿ ಹಪ್ಪಳದಂತೆ ಏಳುತ್ತದೆ. ಮಳೆಗಾಲದಲ್ಲಿ ಕೊಡಲೇಬೇಕಾದ ಮನೆಗೆ ಒರೆಸಿ ಸ್ವಚ್ಛ ಮಾಡಿಸಿ, ಕಲೆಯ ಫೋಟೋ ತೆಗೆದು, ‘ಡಿಸೆಂಬರ್ ನಂತರ ಪೇಂಟ್’ ಎಂದು ಬರೆದುಕೊಡುವುದು ಒಳ್ಳೆಯದು.

ಬಾಗಲಕೋಟೆ, ವಿಜಯಪುರದ ಕಡೆ ರೋಗ ಬೇರೆ. ಎರಿ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವುದರಿಂದ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಓಡುತ್ತದೆ. ಬಿರುಕಿನ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ದಿನಾಂಕ ಹಾಕಿ. ಮುಂದಿನ ಸಲ ಅದು ಎಷ್ಟು ಬೆಳೆದಿದೆ ಎಂದು ಗೋಡೆಯೇ ಹೇಳುತ್ತದೆ. ಅಲ್ಲಿಯ ಬೋರಿನ ಗಡಸು ನೀರಿಗೆ ಗೀಝರ್ ಕಾಯಿಲ್ ಮೇಲೆ ಸುಣ್ಣ ಕಟ್ಟಿ ಸುಟ್ಟುಹೋಗುತ್ತದೆ. ಅದನ್ನು ಬಾಡಿಗೆಯವರ ತಪ್ಪು ಎನ್ನಲಾಗದು. ಎಲ್ಲ ಕಡೆಗೂ ಅನ್ವಯಿಸುವ ಇನ್ನೊಂದು: 2 ಕಿಲೋವ್ಯಾಟ್ ಗೀಝರ್ ಸುಮಾರು 9 ಆಂಪಿಯರ್ ಎಳೆಯುತ್ತದೆ, ಅದನ್ನು 6 ಆಂಪಿಯರಿನ ಸಾಕೆಟ್‌ಗೆ ಸಿಕ್ಕಿಸಿದ್ದರೆ ಅದೇ ದಿನ ಬದಲಿಸಿ. ಬಚ್ಚಲಿಗೆ ಕರೆಂಟ್ ಹೋಗುವ ಮನೆಯಲ್ಲಿ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇರಬೇಕು, ಅದರ ‘ಟಿ’ ಗುಂಡಿ ಒತ್ತಿದಾಗ ಮನೆ ಕತ್ತಲಾಗಬೇಕು. ಆಗದಿದ್ದರೆ ಚಾವಿ ಕೊಡಬೇಡಿ.

ನೋಡಿದ್ದನ್ನೆಲ್ಲ ಎರಡು ಪ್ರತಿ ಬರೆದು ಇಬ್ಬರ ಸಹಿ. ಫ್ಯಾನ್ ಎಷ್ಟು ಎಂದಷ್ಟೇ ಬರೆದರೆ ಸಾಲದು. ‘ಹಾಲ್ ಫ್ಯಾನ್ ರೆಗ್ಯುಲೇಟರ್ 3ರ ಮೇಲೆ ಸದ್ದು ಮಾಡುತ್ತದೆ’ ಎಂದು ಬರೆಯಬೇಕು. ಫೋಟೋಗಳನ್ನು ಅದೇ ದಿನ ವಾಟ್ಸಾಪ್‌ನಲ್ಲಿ ಬಾಡಿಗೆಯವರಿಗೂ ಮಾಲಕರಿಗೂ ಕಳಿಸಿ. ದಿನಾಂಕ ತಾನೇ ಬೀಳುತ್ತದೆ.

ಕರಾರಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಆದರೆ ಅದನ್ನು 11 ತಿಂಗಳಿಗೇ ಮಾಡುವುದು ಏಕೆ ಎಂದು ಗೊತ್ತಿರಲಿ. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಲೇಬೇಕು. ಮಾಡಿಸದ ಪತ್ರ ಕೋರ್ಟಿನಲ್ಲಿ ಕರಾರಿನ ಷರತ್ತುಗಳಿಗೆ ಸಾಕ್ಷಿಯಾಗಿ ನಿಲ್ಲುವುದಿಲ್ಲ. ದೊಡ್ಡ ಮೊತ್ತ ಕೊಟ್ಟು ಬಾಡಿಗೆ ಇಲ್ಲದೆ ಎರಡು ಮೂರು ವರ್ಷ ಇರುವ ‘ಲೀಸ್’ ಪದ್ಧತಿಯಲ್ಲಿ ಜನ ಬೀಳುವುದು ಇಲ್ಲೇ, ನೂರು ರೂಪಾಯಿ ಬಾಂಡಿನ ಮೇಲೆ ಲಕ್ಷಗಳ ವ್ಯವಹಾರ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗಳಿಗೆ ಅನ್ವಯಿಸುವುದಿಲ್ಲವಾದ್ದರಿಂದ ಈಗಿನ ಹೆಚ್ಚಿನ ಮನೆಗಳಿಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಆಧಾರ. ಕರಾರಿನಲ್ಲಿ ಏನೂ ಬರೆಯದಿದ್ದರೆ ತಿಂಗಳ ಬಾಡಿಗೆಗೆ 15 ದಿನದ ನೋಟಿಸ್ ಸಾಕು ಎನ್ನುತ್ತದೆ ಅದರ ಕಲಂ 106. ಸಂಸಾರಸ್ಥರಿಗೆ ಅಷ್ಟು ದಿನದಲ್ಲಿ ಮನೆ ಸಿಗುವುದಿಲ್ಲ, ಮಾಲಕರಿಗೂ ಬಾಡಿಗೆಯವರು ಸಿಗುವುದಿಲ್ಲ. ಎರಡೂ ಕಡೆ ಒಂದು ತಿಂಗಳು ಎಂದು ಬರೆಯಿರಿ. ಬಾಡಿಗೆ ಬಾಕಿ ಇದೆಯೆಂದು ಕರೆಂಟ್ ಕೀಳುವುದು, ಬಾಗಿಲಿಗೆ ಇನ್ನೊಂದು ಕೀಲಿ ಜಡಿಯುವುದು ಮಾಡಬಾರದು. ಹಾಗೆ ಹೊರಹಾಕಿಸಿಕೊಂಡವರು 6 ತಿಂಗಳೊಳಗೆ ದಾವೆ ಹೂಡಿದರೆ ಸ್ವಾಧೀನ ಮರಳಿ ಪಡೆಯಬಹುದು, ಮಾಲಕರು ಆರಂಭಕ್ಕಿಂತ ಹಿಂದೆ ಹೋಗುತ್ತಾರೆ.

ಆಧಾರ್ ಪ್ರತಿ, ಕೆಲಸದ ಗುರುತು, ಹಿಂದಿನ ಮಾಲಕರ ಫೋನ್, ಠಾಣೆಗೆ ಮಾಹಿತಿ ಕೊಟ್ಟ ಸ್ವೀಕೃತಿ ಎಲ್ಲರಿಗೂ ಬೇಕು. ನೆಹರು ನಗರದ ಮೆಡಿಕಲ್ ಕಾಲೇಜಿನ ಸುತ್ತ ವಿದೇಶಿ ವಿದ್ಯಾರ್ಥಿಗಳಿಗೆ ಮನೆ ಕೊಡುವವರು ಅವರು ಬಂದ 24 ತಾಸಿನೊಳಗೆ ಆನ್‌ಲೈನ್‌ನಲ್ಲಿ ಅವರ ಮಾಹಿತಿಯ ಫಾರ್ಮ್ ತುಂಬಬೇಕು. ಇದು ಮನೆ ಕೊಟ್ಟವರ ಹೊಣೆ.

ಬಾಡಿಗೆ ಎಷ್ಟು ಎಂಬಲ್ಲಿ ಮಾಲಕರ ಹಟ ದೊಡ್ಡದು. ಬಾಡಿಗೆಯವರು 9,000 ಎನ್ನುತ್ತಾರೆ, ಮಾಲಕರಿಗೆ 9,500 ಬೇಕು. ಎರಡು ತಿಂಗಳು ಖಾಲಿ ಬಿಟ್ಟರೆ 18,000 ಹೋಯಿತು. ಹೆಚ್ಚಿನ 500ರಿಂದ ಅದನ್ನು ತುಂಬಿಕೊಳ್ಳಲು 36 ತಿಂಗಳು. ವರ್ಗಾವಣೆಯೂ ಕಾಲೇಜಿನ ಪ್ರವೇಶವೂ ಮೇಯಿಂದ ಆಗಸ್ಟ್ ತನಕ ಮನೆ ತುಂಬಿಸುತ್ತವೆ. ನವೆಂಬರ್‌ನಲ್ಲಿ ಖಾಲಿಯಾದ ಮನೆಗೆ ಹಟ ಮಾಡಬಾರದು. ‘ನಮ್ಮವರೇ ಬೇಕ್ರಿ’ ಎಂದು ಕಾಯುವವರೂ ಇದೇ ಲೆಕ್ಕ ಹಾಕಿಕೊಳ್ಳಲಿ.

ಬಿಡುವ ದಿನದ ಲೆಕ್ಕ ಹೀಗೆ. ಡಿಪಾಜಿಟ್ 40,000, ಬಾಡಿಗೆ 9,000, ತಿಂಗಳ 18ಕ್ಕೆ ಮನೆ ಬಿಟ್ಟರು: ಮೂವತ್ತರಲ್ಲಿ 18 ದಿನದ್ದು 5,400. ಮೀಟರ್ ರೀಡಿಂಗ್ ಪ್ರಕಾರ ಕರೆಂಟ್ 640, ನೀರು 210. ಮಕ್ಕಳು ಹಾಲ್ ಗೋಡೆಯ ತುಂಬ ಬಣ್ಣದ ಪೆನ್ಸಿಲ್ ಆಡಿಸಿದ್ದಾರೆ, ಹಾಲ್ ಪೇಂಟಿಗೆ 4,800. ಪೂರ್ತಿ ಹಿಡಿಯುವುದು ಅನ್ಯಾಯ. ಪೇಂಟಿನ ಆಯುಷ್ಯ 48 ತಿಂಗಳೆಂದು ಹಿಡಿದರೆ, ಅವರು 30 ತಿಂಗಳು ಇದ್ದರು, ಉಳಿದ 18 ತಿಂಗಳ ಪಾಲು 1,800. ಒಟ್ಟು ಕಡಿತ 8,050, ಮರಳಿ ಕೊಡುವುದು 31,950. ಮೊಳೆಯ ತೂತು, ಬಿಸಿಲಿಗೆ ಮಂಕಾದ ಬಣ್ಣ, ಸವೆದ ನಳದ ವಾಷರ್ ಇವು ಬಳಕೆಯ ಸವೆತ, ಕಡಿತಕ್ಕೆ ಹಾಕಬೇಡಿ. ಡಿಪಾಜಿಟ್ ಮಾಲಕರು ಖರ್ಚು ಮಾಡಿಕೊಂಡು, ಹೊಸಬರ ಡಿಪಾಜಿಟ್ ಬಂದ ಮೇಲೆ ಹಳಬರಿಗೆ ಕೊಡುವ ರೂಢಿ ಇದೆ. ಕೆಟ್ಟ ರೂಢಿ. ಆ ಹಣವನ್ನು ಎಫ್‌ಡಿಯಲ್ಲಿ ಇಡಿಸಿ.

ಪುಣೆ, ಬೆಂಗಳೂರು, ದುಬೈನಲ್ಲಿರುವ ಮಾಲಕರ ಮನೆಗಳಲ್ಲಿ ಇನ್ನೆರಡು ಎಚ್ಚರ. ಬಾಡಿಗೆ ನೇರ ಅವರ ಖಾತೆಗೆ ಹೋಗಲಿ, ನೋಡಿಕೊಳ್ಳುವವರ ಕೈಗೆ ಬೇಡ. ಮಾಲಕರು ತೆರಿಗೆ ಲೆಕ್ಕದಲ್ಲಿ ಅನಿವಾಸಿಯಾಗಿದ್ದರೆ ಬಾಡಿಗೆ ಎಷ್ಟೇ ಸಣ್ಣದಿರಲಿ ಸಾಮಾನ್ಯವಾಗಿ ಸೆಸ್ ಸೇರಿ 31.2 ಶೇಕಡಾ ಟಿಡಿಎಸ್ (ಬಾಡಿಗೆಯಲ್ಲೇ ಮುರಿಯುವ ತೆರಿಗೆ) ಹಿಡಿದು ಕಟ್ಟುವ ಹೊಣೆ ಬಾಡಿಗೆಯವರ ಮೇಲೆ ಬೀಳುತ್ತದೆ. ಕರಾರಿಗೆ ಮೊದಲೇ ಇದನ್ನು ಹೇಳದಿದ್ದರೆ ಮೂರನೇ ತಿಂಗಳು ಅವರ ಆಫೀಸಿನ ಲೆಕ್ಕಿಗರು ಹೇಳುತ್ತಾರೆ, ಆಗ ಮುಜುಗರ. ಪಾಲಿಕೆಯ ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ 5 ಶೇಕಡಾ ರಿಯಾಯಿತಿ. ರಸೀದಿ ಮಾಲಕರಿಗೆ ಕಳಿಸಿ, ಆದಾಯ ತೆರಿಗೆಯಲ್ಲಿ ಬಾಡಿಗೆಯಿಂದ ಅದನ್ನು ಕಳೆಯಬಹುದು.

ಚಾವಿಗಳ ಮಾತು ಉಳಿಯಿತು. ಎಷ್ಟು ಕೊಟ್ಟಿರಿ ಎಂದು ಎಣಿಸಿ ಬರೆಯಿರಿ, ಬಾಡಿಗೆಯವರು ಬದಲಾದಾಗ ಮುಂಬಾಗಿಲಿನ ಕೀಲಿಯ ಸಿಲಿಂಡರ್ ಬದಲಿಸಿ. ನಿಮ್ಮ ಹತ್ತಿರ ಇರುವ ಜೋಡಿಯ ಮೇಲೆ ಮನೆಯ ವಿಳಾಸ ಬರೆಯಬೇಡಿ, ನಂಬರ್ ಮಾತ್ರ ಇರಲಿ.